ಕೊಕ್ಕರೆಗೆ ಹಾಕದ ಬೀಜ

ಮುಳಬಾಗಿಲು
ಬುಧವಾರ, ೧೨-೨-೨೦೨೫

ನನ್ನ ಮಾಮನಿಗೆ,

ನಿನ್ನ ಸುನಂದ ಬರೆಯುತ್ತಿದ್ದೇನೆ. ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರು ಮಾಡುವುದು ವಾಡಿಕೆ. ಬರೆದರೆ ಸುಳ್ಳಾಗುತ್ತದೆ, ಅದಕ್ಕೇ ಬರೆಯುವುದಿಲ್ಲ. ಫೋನಿರುವ ಕಾಲದಲ್ಲಿ ಇವಳಿಗೇನು ಬಂತು ಕಾಗದ ಬರೆಯುವ ರೋಗ ಎಂದು ನೀನು ಹುಬ್ಬೇರಿಸಬಹುದು. ಫೋನಿನಲ್ಲಿ ನೀನು ‘ಡ್ಯೂಟಿ ಐತೆ’ ಎಂದರೆ ಮುಗಿಯಿತು, ನನ್ನ ಮಾತು ಗಂಟಲಲ್ಲೇ ಉಳಿಯುತ್ತದೆ. ಕಳ್ಳನಿಗೊಂದು ಪಿಳ್ಳೆ ನೆವ. ಕಾಗದವನ್ನು ನಡುವೆ ಕಟ್ ಮಾಡಲು ಬರುವುದಿಲ್ಲವಲ್ಲ. ನಿನ್ನ ರೂಮಿನ ಚಂದ್ರು ರಜೆಗೆ ದೇವರಾಯಸಮುದ್ರಕ್ಕೆ ಬಂದಿದ್ದಾನೆ, ನಾಳೆ ಬೆಳಿಗ್ಗೆ ಮಾಲೂರಿಗೆ ವಾಪಸ್ಸು ಹೊರಡುತ್ತಾನೆ. ಅವನ ಕೈಗೇ ಕೊಡುತ್ತೇನೆ. ನೀನು ಓದದೆ ಮಡಿಸಿಟ್ಟರೆ ನನಗೆ ಹೇಳಬೇಕೆಂದು ಅವನಿಂದ ಆಣೆಯನ್ನೂ ಹಾಕಿಸಿಕೊಳ್ಳುತ್ತೇನೆ.

ವಿಷಯ ಏನೆಂದರೆ, ನಿನ್ನ ಮಗ ಮುನೇಶ ನಮ್ಮ ಭಾನುವಾರದ ವೋಟಿಂಗ್ ನಿಲ್ಲಿಸಿಬಿಟ್ಟಿದ್ದಾನೆ. ಲೋಟಗಳನ್ನು ಜೋಡಿಸಲು ಹೋದರೆ ಅಪ್ಪ ಬರಲಿ ಎನ್ನುತ್ತಾನೆ. ಪಕ್ಕದ ಮನೆ ಹಜೀರಾ ಎರಡು ಸಲ ಮಗನನ್ನು ಕರೆದುಕೊಂಡು ಬಂದು, ಟೀ ಕುಡಿದು, ಸುಮ್ಮನೆ ಎದ್ದು ಹೋದಳು.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಮನೆ ಮರೆತವರಿಗೆ ಮನೆಯ ಸುದ್ದಿ ಮೊದಲಿನಿಂದ ಹೇಳಬೇಕಾಗುತ್ತದೆ. ಆ ಆಟ ಕಟ್ಟಿದವನೇ ನೀನು. ಮೀಸೆ ಬಂದ ಗಂಡಸು ಕಾರ್ಟೂನ್ ಪಿಚ್ಚರ್ ನೋಡಿ ಅಳುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ನೀನು ಎಲ್ಲೆಲ್ಲಿಂದಲೋ ಪೆನ್‌ಡ್ರೈವಿಗೆ ತುಂಬಿಸಿಕೊಂಡು ಬರುತ್ತಿದ್ದೆ. ಭಾನುವಾರ ಊಟವಾದ ಮೇಲೆ ನಡುಮನೆಯಲ್ಲಿ ಪಿಚ್ಚರ್. ಅದು ಮುಗಿದರೆ ಯಾವ ಪಿಚ್ಚರ್ ಮೇಲೆಂದು ವೋಟಿಂಗ್: ಸ್ಟೀಲ್ ಲೋಟಗಳ ಸಾಲು, ಒಂದೊಂದು ಲೋಟ ಒಂದೊಂದು ಸಿನಿಮಾಕ್ಕೆ, ಮೇಲೆ ಮುನೇಶ ಬಿಡಿಸಿದ ಚಿತ್ರ. ಎಲ್ಲರ ಕೈಗೂ ಒಂದು ಹುಣಸೆ ಬೀಜ. ಕಾರಣ ಹೇಳದೆ ಹಾಕಿದ ಬೀಜ ಲೆಕ್ಕಕ್ಕಿಲ್ಲ, ಖಾಲಿ ಉಳಿದ ಲೋಟದ ಪಿಚ್ಚರ್ ಔಟ್. ನಿನ್ನ ಕಾನೂನು ಅದು.

ಎಂಥ ಜಗಳಗಳಾಗುತ್ತಿದ್ದವು! ಹಜೀರಾಳಿಗೆ ಗಿರಣಿ ಇಲಿಗಳ ಪಿಚ್ಚರೇ ಆಗಬೇಕು. ಅದರಲ್ಲಿ ತಾಯಿ ಇಲಿ ಬೆಳಗಿನಿಂದ ಸಂಜೆವರೆಗೆ ದುಡಿಯುತ್ತದೆ, ಯಾರೂ ಒಂದು ಮಾತು ‘ಉಂಡೆಯಾ’ ಎನ್ನುವುದಿಲ್ಲ, ನೋಡಿದರೆ ನನ್ನ ಸಂಸಾರವೇ ಅನಿಸುತ್ತದೆ ಎನ್ನುತ್ತಿದ್ದಳು. ಅವಳ ಮಗ ಜೀಶಾನ್ ವಾರಕ್ಕೊಂದು ಪಾರ್ಟಿ. ನಿನ್ನ ತಾಯಿ ಬಚ್ಚಮ್ಮವ್ವನ ಬೀಜ ಯಾವತ್ತೂ ‘ಅಜ್ಜಿ ರಾಕೆಟ್’ಗೆ. ಹಂಚಿನ ಮನೆ ಮೇಲೆ ರಾಕೆಟ್ ಕಟ್ಟುವ ಆ ಮುದುಕಿ ತೆಲುಗಿನಲ್ಲಿ ವಟಗುಟ್ಟುವುದನ್ನು ಕೇಳಿದರೆ ಅವ್ವನಿಗೆ ತನ್ನ ತೌರುಮನೆ ನೆನಪಾಗುತ್ತಿತ್ತು. ನಮ್ಮ ಚಿಕ್ಕ ಪದ್ದು ಅಣ್ಣ ಮುನೇಶನ ಬಾಲ, ಅವನು ಹಾಕಿದ ಲೋಟಕ್ಕೇ ಅವಳದೂ. ನೀನು ಮತ್ತು ಮುನೇಶ ಮಾತ್ರ ಕೊಕ್ಕರೆ ಪಿಚ್ಚರ್ ಬಿಟ್ಟು ಅಲ್ಲಾಡಿದವರಲ್ಲ.

ಒಂದೇ ಒಂದು ಮಾತಿಲ್ಲದ ಸಿನಿಮಾ ಅದು. ಕೆರೆ ಬತ್ತುತ್ತದೆ, ಹಿಂಡು ಹಾರಿಹೋಗುತ್ತದೆ, ಹಾರಲು ಬಾರದ ಮರಿಕೊಕ್ಕರೆಯನ್ನು ಮುದಿ ಆಮೆಯೊಂದು ಬೆನ್ನ ಮೇಲೆ ಕೂರಿಸಿಕೊಂಡು ಇನ್ನೊಂದು ಕೆರೆಗೆ ನಡೆಯುತ್ತದೆ. ಕೊನೆಗೆ ಸಂಜೆಗತ್ತಲಲ್ಲಿ ಆಕಾಶದ ತುಂಬ ಹಿಂಡು ಇಳಿದು ಬರುತ್ತದೆ. ಮುನೇಶ ಮೊದಲ ಸಲ ನೋಡಿದಾಗ ನಿನ್ನ ತೊಡೆಯ ಮೇಲೆ ಕೂರುವಷ್ಟು ಚಿಕ್ಕವನು. ಮಾರನೇ ದಿನವೇ ನೀನು ಅವನನ್ನು ಗಾಡಿಯಲ್ಲಿ ಕೂರಿಸಿಕೊಂಡು ದೇವರಾಯಸಮುದ್ರದ ಕೆರೆ ಏರಿಗೆ ಹೋಗಿ, ಇದೇ ಆ ಕೊಕ್ಕರೆಗಳ ಊರು ಎಂದು ತೋರಿಸಿಕೊಂಡು ಬಂದೆ. ಅವನು ಇವತ್ತಿಗೂ ಅದನ್ನು ನಂಬಿದ್ದಾನೆ.

ಅಂಥವನು ದಸರಾ ಕಳೆದ ಭಾನುವಾರ ಎದ್ದು ಹೋಗಿ ಅಜ್ಜಿ ರಾಕೆಟ್ ಲೋಟಕ್ಕೆ ಬೀಜ ಹಾಕಿದ. ನೀನು ಕಾರಣ ಕೇಳಿದೆ. ಆ ಪಿಚ್ಚರಲ್ಲಿ ಎಲ್ಲರೂ ಮಾತಾಡುತ್ತಾರೆ, ಕೊಕ್ಕರೆ ಪಿಚ್ಚರಲ್ಲಿ ಏನೂ ಆಗುವುದಿಲ್ಲ ಎಂದ. ಏನೂ ಆಗುವುದಿಲ್ಲ ಎಂದನಲ್ಲ ಮಾಮ, ಆಗಲೇ ನಮ್ಮ ಬುದ್ಧಿಗೆ ಹೊಳೆಯಬೇಕಿತ್ತು. ನಾವೆಲ್ಲ ನಕ್ಕೆವು. ಪಕ್ಷಾಂತರಿ ಎಂದು ಹೆಸರಿಟ್ಟೆವು. ಪದ್ದುವೂ ಅಣ್ಣನ ಹಿಂದೆ ಹೋದಳು. ನೀನು ಮುನಿಸಿಕೊಂಡವನ ಹಾಗೆ ಮುಖ ಊದಿಸಿ, ನಿನ್ನ ಬೀಜವನ್ನು ಯಾವ ಲೋಟಕ್ಕೂ ಹಾಕದೆ ಜೇಬಿಗೆ ಹಾಕಿಕೊಂಡೆ. ಕೊಕ್ಕರೆ ಲೋಟ ಖಾಲಿ ಉಳಿಯಿತು. ‘ಇವತ್ತಿಂದ ನೀನು ನನ್ನ ಪಾರ್ಟಿ ಅಲ್ಲ ಕಣೋ’ ಎಂದೆ ನೀನು. ತಮಾಷೆಗೆ ಅಂದದ್ದು. ನನಗೆ ಗೊತ್ತು, ನಿನಗೆ ಗೊತ್ತು. ಅವನಿಗೆ ಗೊತ್ತಿರಲಿಲ್ಲ.

ಅವನು ಪಿಚ್ಚರ್ ನೋಡುವಾಗ ಜೀಶಾನನ ಪಕ್ಕ ಬಿಟ್ಟು ಬೇರೆಲ್ಲೂ ಕೂರುವುದಿಲ್ಲ ಎನ್ನುವುದನ್ನು ನಾನು ಆಮೇಲೆ ಗಮನಿಸಿದೆ. ನಾವು ನಕ್ಕರೆ ಒಂದು ಕ್ಷಣ ತಡೆದು ನಗುತ್ತಿದ್ದ. ಜೀಶಾನನನ್ನು ಬಾಗಿಲ ಹೊರಗೆ ಕರೆದು ಕೇಳಿದೆ. ‘ಕತ್ಲೆ ಸೀನು ಬಂದ್ರೆ ಅವ್ನಿಗೆ ಕಾಣಲ್ಲ ಆಂಟಿ, ನಾನು ಹೇಳ್ತಾ ಇರ್ಬೇಕು’ ಎಂದ ಆ ಹುಡುಗ, ಬಹಳ ದಿನದಿಂದ ಎಲ್ಲರಿಗೂ ಗೊತ್ತಿರುವ ಸಂಗತಿಯನ್ನು ಹೇಳುವ ಹಾಗೆ.

ಕೋಲಾರದ ಆಸ್ಪತ್ರೆಯಲ್ಲಿ ನಡೆದದ್ದನ್ನು ನಾನು ನಿನಗೆ ಹೇಳಬೇಕಾಗಿಲ್ಲ. ಕಣ್ಣಿನ ಹಿಂದಿನ ಪರದೆ ಸವೆಯುತ್ತಿದೆ, ಮೊದಲು ಕತ್ತಲಲ್ಲಿ ಕಾಣದಾಗುತ್ತದೆ, ಆಮೇಲೆ ಅಕ್ಕಪಕ್ಕದಿಂದ ಮುಚ್ಚುತ್ತಾ ಬರುತ್ತದೆ, ಕನ್ನಡಕದಿಂದ ಸರಿಹೋಗುವುದಲ್ಲ ಎಂದರು. ಎಷ್ಟು ಬೇಗ ಎಂದು ಕೇಳಿದ್ದಕ್ಕೆ, ಒಬ್ಬೊಬ್ಬರಿಗೆ ಒಂದೊಂದು ಥರ ಎಂದರು. ಆಮೇಲೆ ಆ ಡಾಕ್ಟರಮ್ಮ ತಲೆ ಎತ್ತದೆ, ಸಂಬಂಧದಲ್ಲಿ ಮದುವೆಯಾ ಎಂದು ಕೇಳಿದರು. ಸೋದರಮಾವ ಎಂದು ನಾನೇ ಹೇಳಿದೆ. ಅವರು ನಮ್ಮನ್ನು ಬೈಯಲಿಲ್ಲ, ಅದೊಂದೇ ಕಾರಣ ಎಂದೂ ಹೇಳಲಿಲ್ಲ. ಒಡಹುಟ್ಟಿದವರಿದ್ದರೆ ಅವರನ್ನೂ ಒಮ್ಮೆ ತೋರಿಸಿ ಎಂದರು, ಅಷ್ಟೇ. ಬಸ್ಸಿನಲ್ಲಿ ನೀನು ಕಿಟಕಿ ಕಡೆ ಮುಖ ತಿರುಗಿಸಿದವನು ಮುಳಬಾಗಿಲು ಬಂದರೂ ಈ ಕಡೆ ತಿರುಗಲಿಲ್ಲ. ಮನೆಯಲ್ಲಿ ಅವ್ವ ‘ನನ್ನ ಕೈಯಾರೆ ನಾನೇ ಮಾಡಿದೆ, ನಾನೇ ಮಾಡಿದೆ’ ಎಂದು ಎದೆ ಬಡಿದುಕೊಂಡಳು. ಅವಳು ನಿನಗೆ ತಾಯಿ, ನನಗೆ ಅಜ್ಜಿ, ಮಕ್ಕಳಿಗೆ ಒಂದು ಕಡೆಯಿಂದ ಅಜ್ಜಿ, ಇನ್ನೊಂದು ಕಡೆಯಿಂದ ಮುತ್ತಜ್ಜಿ. ಇದನ್ನೇ ಹೇಳಿಕೊಂಡು ಎಷ್ಟು ನಗುತ್ತಿದ್ದೆವು ನಾವು. ಆ ವಾರವೇ ನೀನು ಲಕ್ಕೂರಿನ ಹತ್ತಿರದ ಫ್ಯಾಕ್ಟರಿಯಲ್ಲಿ ಕೆಲಸ ಹಿಡಿದು ಚಂದ್ರುವಿನ ರೂಮು ಸೇರಿದೆ. ಮಾಲೂರೇನು ಸಮುದ್ರದ ಆಚೆ ಇದೆಯೇ? ಸಂಕ್ರಾಂತಿಗೂ ಬರಲಿಲ್ಲ.

ನನಗೆ ಸಿಟ್ಟಿದೆ ಮಾಮ. ಸುತ್ತಿ ಬಳಸಿ ಹೇಳುವವಳಲ್ಲ ನಾನು. ಮದುವೆಯಾದ ಹೊಸದರಲ್ಲಿ ಗಂಡನಿಗೆ ‘ನೀವು’ ಅನ್ನು ಎಂದು ಅವ್ವ ತಿದ್ದಿ ತಿದ್ದಿ ಸೋತಳು, ನನ್ನ ನಾಲಿಗೆ ಹೊರಳಲಿಲ್ಲ. ಯಾಕೆಂದರೆ ನೀನು ನನ್ನನ್ನು ಎತ್ತಿ ಆಡಿಸಿದ ಮಾಮ. ನಾನು ಬಿದ್ದರೆ ಓಡಿ ಬರುತ್ತಿದ್ದವನು. ಈಗ ನಿನ್ನ ಮಗ ಬೀಳುತ್ತಿದ್ದಾನೆ, ನೀನು ಓಡುತ್ತಿರುವುದು ಅವನಿಂದ ಆಚೆಗೆ. ರಕ್ತ ನಿನ್ನದೊಂದೇ ಅಲ್ಲ, ನನ್ನದೂ ಅದೇ ರಕ್ತ. ನಾನೆಲ್ಲಿಗೆ ಓಡಲಿ? ಅವ್ವ ನಮ್ಮನ್ನು ಸೇರಿಸಿದ್ದು ಕೇಡು ಬಗೆದಲ್ಲ, ಹುಡುಗಿ ಕಣ್ಣೆದುರಿಗೇ ಇರಲಿ ಎಂಬ ಆಸೆಗೆ. ನಮ್ಮ ಕಡೆ ಯಾರ ಮನೆಯಲ್ಲಿ ಹಾಗೆ ಮಾಡಿಲ್ಲ ಹೇಳು. ನೀನು ನನಗೆ ಬೇಡದ ಗಂಡನಾಗಿರಲಿಲ್ಲ, ಈಗಲೂ ಅಲ್ಲ.

ಪದ್ದುವನ್ನು ತೋರಿಸುವ ವಿಷಯ ನೀನು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ತೋರಿಸಿದರಾಯಿತು, ಅವಸರವೇನಿದೆ. ಅವಳು ಚೆನ್ನಾಗಿಯೇ ಇದ್ದಾಳೆ. ಸಂಜೆ ಹೊತ್ತು ಅಣ್ಣನ ಹಾಗೆ ಗೋಡೆ ಹಿಡಿದು ನಡೆಯುತ್ತಾಳೆ, ಅವನನ್ನು ನೋಡಿ ಕಲಿತ ಆಟ. ಮಕ್ಕಳಲ್ಲವೇ.

ಈಗ ಈ ಕಾಗದ ಬರೆಸಿದ ಸಂಗತಿಗೆ ಬರುತ್ತೇನೆ. ಹೋದ ಭಾನುವಾರ ನಾನು ಆ ಲೋಟಗಳನ್ನು ಅಡುಗೆಮನೆಗೆ ತೆಗೆದುಕೊಂಡು ಹೋಗುತ್ತಿದ್ದೆ. ಹೇಗೂ ಆಡುವುದಿಲ್ಲ, ನೀರು ಕುಡಿಯಲಾದರೂ ಆಗಲಿ ಎಂದು. ಮುನೇಶ ಬಂದು ಸೆರಗು ಹಿಡಿದುಕೊಂಡ. ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. ‘ಅಮ್ಮಾ, ಅಪ್ಪಂಗೆ ಬರಕ್ಕೆ ಹೇಳು. ನಾನು ಅಜ್ಜಿ ಪಿಚ್ಚರ್‌ಗೆ ಹಾಕಿದ್ದು ತಪ್ಪು. ಈ ಸಲ ಕೊಕ್ಕರೆಗೇ ಹಾಕ್ತೀನಿ.’

ನೀನು ಮನೆ ಬಿಟ್ಟಿದ್ದು ಅವನು ಹಾಕಿದ ಒಂದು ಹುಣಸೆ ಬೀಜದಿಂದ ಎಂದು ತಿಳಿದುಕೊಂಡಿದ್ದಾನೆ ನಿನ್ನ ಮಗ. ಇಷ್ಟು ದಿನ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಓಡಾಡಿದ್ದಾನೆ. ನಾನು ಎಷ್ಟು ಹೇಳಿದರೂ ನಂಬುವುದಿಲ್ಲ. ಹಾಗಾದರೆ ಅಪ್ಪ ಯಾಕೆ ಹೋದ ಎಂದು ಕೇಳುತ್ತಾನೆ. ಏನು ಹೇಳಲಿ? ಕಣ್ಣು ಸ್ವಲ್ಪ ವೀಕು ಎಂದಷ್ಟೇ ಅವನಿಗೆ ಗೊತ್ತಿರುವುದು. ‘ನಿನ್ನ ಕಣ್ಣು ಹೋಗುವುದನ್ನು ನೋಡಲಾರದೆ ಹೋದ’ ಎನ್ನಲೇ? ಒಂದು ಬೀಜವನ್ನು ಜಾಮಿಟ್ರಿ ಬಾಕ್ಸಿನಲ್ಲಿ ಇಟ್ಟುಕೊಂಡು ಸ್ಕೂಲಿಗೆ ಹೋಗುತ್ತಾನೆ. ಸ್ಕೂಲಿಂದ ಬಂದವನೇ ಜೀಶಾನನನ್ನು ಕೂರಿಸಿಕೊಂಡು ಕೊಕ್ಕರೆ ಪಿಚ್ಚರ್ ಹಾಕಿಸುತ್ತಾನೆ. ಅವನು ಹೇಳುತ್ತಾನೆ, ಇವನು ಬಾಯಿಪಾಠ ಮಾಡುತ್ತಾನೆ. ಆಮೆ ಎಲ್ಲಿ ನಿಲ್ಲುತ್ತದೆ, ಮರಿ ಯಾವಾಗ ರೆಕ್ಕೆ ಬಿಚ್ಚುತ್ತದೆ, ಹಿಂಡು ಯಾವ ಕಡೆಯಿಂದ ಇಳಿಯುತ್ತದೆ, ಎಲ್ಲ. ನೀನು ಬಂದು ಕಾರಣ ಕೇಳಿದರೆ ಹೇಳಬೇಕಲ್ಲ, ಅದಕ್ಕೆ. ಹಜೀರಾ ಇದನ್ನು ಬಾಗಿಲಲ್ಲಿ ನಿಂತು ನೋಡಿದವಳು ಒಳಗೆ ಬರಲಾಗದೆ ಹಾಗೇ ತಿರುಗಿ ಹೋದಳು.

ಈ ಭಾನುವಾರ ಬಾ. ದುಡ್ಡು ಬೇಡ, ಆಟದ ಸಾಮಾನು ಬೇಡ. ಹಗಲು ಹೊತ್ತಿನಲ್ಲಿ ಬಾ, ಬೆಳಕಿನಲ್ಲಿ ನಿನ್ನ ಮುಖ ಅವನಿಗೆ ಇನ್ನೂ ಚೆನ್ನಾಗಿ ಕಾಣುತ್ತದೆ. ಅದು ಎಷ್ಟು ದಿನವೋ, ನನಗೆ ಗೊತ್ತಿಲ್ಲ. ಅವನ ಪಕ್ಕದಲ್ಲಿ ಕೂರು. ಕತ್ತಲೆ ಸೀನು ಬಂದಾಗ ಜೀಶಾನ್ ಅಲ್ಲ, ನೀನು ಹೇಳಬೇಕು. ಬೀಜಕ್ಕೂ ನೀನು ಹೋಗಿದ್ದಕ್ಕೂ ಸಂಬಂಧವಿಲ್ಲ ಎಂದು ನಿನ್ನ ಬಾಯಲ್ಲಿ ಅವನು ಕೇಳಬೇಕು. ಅಳು ಬಂದರೆ ಅತ್ತುಬಿಡು. ನೀನು ಆ ಪಿಚ್ಚರ್ ನೋಡಿ ಅಳುವುದು ಅವನಿಗೆ ಹೊಸದೇನಲ್ಲ.

ಅವ್ವ ಊಟ ಬಿಟ್ಟಿಲ್ಲ, ಆದರೆ ಅಜ್ಜಿ ರಾಕೆಟ್ ಹಾಕಿದರೂ ಈಗ ನಗುವುದಿಲ್ಲ. ಅವಳನ್ನೂ ಒಂದು ಮಾತು ಮಾತಾಡಿಸು.

ಬೈದಿದ್ದೇನೆ, ಬೈಯುವ ಹಕ್ಕು ಇರುವವಳೇ ನಾನು. ದಾರಿ ನೋಡುತ್ತಿರುತ್ತೇನೆ.

ನಿನ್ನ ಅಕ್ಕನ ಮಗಳು, ನಿನ್ನ ಹೆಂಡತಿ,
ಸುನಂದ

ಮರೆತಿದ್ದು: ಮರೆತಿರಲಿಲ್ಲ ಮಾಮ, ಬರೆಯಲು ಕೈ ಬರಲಿಲ್ಲ. ಕಾಗದ ಮಡಿಸಿದ ಮೇಲೆ ಮತ್ತೆ ಬಿಚ್ಚಿದೆ. ನಿನ್ನೆ ಸಂಜೆ ಮುನೇಶ ಜೀಶಾನನ ಮನೆಗೆ ಹೋಗಿದ್ದ. ಪದ್ದು ಒಬ್ಬಳೇ ಕೊಕ್ಕರೆ ಪಿಚ್ಚರ್ ಹಾಕಿಕೊಂಡು ಕೂತಿದ್ದಳು. ಕೊನೆಯ ಕತ್ತಲೆ ಸೀನು ಬಂತು, ಟಿವಿಯ ತುಂಬ ಹಿಂಡು ಇಳಿಯುತ್ತಿತ್ತು. ಅವಳು ಅದನ್ನೇ ನೋಡುತ್ತಾ, ‘ಅಮ್ಮಾ, ಪಿಚ್ಚರ್ ಆಗೋಯ್ತಾ?’ ಎಂದು ಕೇಳಿದಳು. ನೋಡಿ ಕಲಿಯಲು ಅಣ್ಣ ಪಕ್ಕದಲ್ಲಿ ಇರಲಿಲ್ಲ. ಇಲ್ಲ ಕಂದಾ, ಇನ್ನೂ ಐತೆ ಎಂದು ಪಕ್ಕದಲ್ಲಿ ಕೂತು ಒಂದೊಂದಾಗಿ ಹೇಳಿದೆ. ಸೋಮವಾರ ಕೋಲಾರಕ್ಕೆ ಕರೆದುಕೊಂಡು ಹೋಗಬೇಕು. ಈ ಸಲ ಆ ಡಾಕ್ಟರಮ್ಮ ಕೇಳಿದರೆ ನಾನೊಬ್ಬಳೇ ಉತ್ತರ ಹೇಳಲಾರೆ.