ಒಡೆಯದೆ ಬಿಟ್ಟ ತುಂಡು

ಪೂಜ್ಯ ಅಡವಯ್ಯ ಸರ್ ಅವರಿಗೆ,

ತೋವಿನಕೆರೆಯಿಂದ ಲೋಹಿತಾ ಮಾಡುವ ನಮಸ್ಕಾರ. ಮಧುಗಿರಿಯಲ್ಲಿ ನಿಮ್ಮ ವೆಲ್ಡಿಂಗ್ ತರಗತಿಯಲ್ಲಿದ್ದ ಒಬ್ಬಳೇ ಹುಡುಗಿ, ಮರೆತಿರಲಾರಿರಿ. ಕ್ಷೇಮ ಕೇಳಿ ಶುರು ಮಾಡಬೇಕಿತ್ತು, ಆದರೆ ಮೈಯೆಲ್ಲಾ ಉರಿಯುತ್ತಿದೆ. ನೇರವಾಗಿ ವಿಷಯಕ್ಕೇ ಬರುತ್ತೇನೆ.

ಶಿರಾದಲ್ಲಿ ಹುಸೇನ್ ಸಾಬ್ ಅವರ ಟ್ರೈಲರ್ ಕಟ್ಟುವ ವರ್ಕ್‌ಶಾಪ್‌ಗೆ ಕೆಲಸ ಕೇಳಲು ಹೋಗಿದ್ದೆ. ಎರಡು ಕಬ್ಬಿಣದ ಪಟ್ಟಿ ಕೊಟ್ಟು ಬೆಸೆದು ಕೂಡಿಸು ಅಂದರು. ಕೂಡಿಸಿ, ಗ್ರೈಂಡರ್ ಹಿಡಿದು ಕನ್ನಡಿಯಂತೆ ನುಣುಪು ಮಾಡಿ ಕೊಟ್ಟೆ. ಅವರು ಆ ನುಣುಪನ್ನು ನೋಡಲೇ ಇಲ್ಲ. ಸುತ್ತಿಗೆಯಲ್ಲಿ ಒಂದೇಟು ಹಾಕಿದರು, ತುಂಡು ಎರಡಾಯಿತು. "ಮೇಲೆ ನೋಡಕ್ಕೆ ಚಂದ ಐತೆ ಬೇಟಿ, ಒಳಗೆ ಕಬ್ಬಿಣ ಕರಗೇ ಇಲ್ಲ. ಟ್ರೈಲರ್‌ನಾಗೆ ಜನ ಕೂತ್ಕೋತಾರೆ" ಅಂದರು. ಬೈಯಲಿಲ್ಲ. ಸೋಮವಾರ ಇನ್ನೊಂದು ಸಲ ಬಾ, ಆಗಲೂ ಬೆಸುಗೆ ಹಿಡಿಯದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಅಂದರು.

ಮೊದಲ ವಾರ ನೆನಪಿದೆಯೇ ಸರ್? ನನ್ನ ಜೊತೆ ಕಲಿಯುತ್ತಿದ್ದ ರಂಗೇಶ ಬೆಸೆದ ತುಂಡನ್ನು ಎಲ್ಲರೆದುರು ಒಡೆದು, "ನೋಡ್ಲಾ, ಒಳಗೆಲ್ಲ ಟೊಳ್ಳು. ಯಾಕಿಂಗಾಯ್ತು ನೀನೇ ಹೇಳು" ಅಂದಿರಿ. ಅವನು ಮುಖ ಊದಿಸಿಕೊಂಡು, ಒಡೆದ ಜಾಗವನ್ನು ತಿರುಗಿಸಿ ತಿರುಗಿಸಿ ನೋಡಿ, "ಕರೆಂಟ್ ಕಮ್ಮಿ ಇಕ್ಕಿದ್ದೆ ಸಾ" ಅಂದ. ಆಮೇಲಾಮೇಲೆ ಒಡೆಯುವ ಮೊದಲೇ ಅವನಿಗೆ ತನ್ನ ತಪ್ಪು ತಿಳಿಯುತ್ತಿತ್ತು. ನನ್ನ ತುಂಡು ಬಂದಾಗ ಮಾತ್ರ ನೀವೇ ಗ್ರೈಂಡರ್‌ನಿಂದ ಉಜ್ಜಿ, "ಚೆನ್ನಾಗೈತೆ ಕಣಮ್ಮ, ಹೋಗು" ಅನ್ನುತ್ತಿದ್ದಿರಿ. ಹೆಣ್ಣುಮಗು, ಬೇಜಾರಾದರೆ ನಾಳೆಯಿಂದ ಬರುವುದಿಲ್ಲ ಅಂತ ತಾನೇ? "ನಂದೂ ಒಡೀರಿ ಸಾ" ಅಂದರೆ ನಕ್ಕುಬಿಟ್ಟಿರಿ. ಸಿಟ್ಟು ಮಾಡಿಕೊಳ್ಳಲೂ ಆಗದಷ್ಟು ಅಕ್ಕರೆ ತೋರಿಸಿದಿರಿ, ಅದಕ್ಕೇ ಇನ್ನಷ್ಟು ಸಿಟ್ಟು ಬರುತ್ತಿದೆ. ಅಷ್ಟು ದಿನ ನಿಮ್ಮಲ್ಲಿ ನಾನು ಕಲಿತದ್ದು ಕೆಟ್ಟ ಬೆಸುಗೆಯನ್ನು ನುಣುಪು ಮಾಡುವುದನ್ನು.

ಈ ಪತ್ರದ ಜೊತೆ, ಊರಿನ ರಿಪೇರಿ ಅಂಗಡಿಯಲ್ಲಿ ನಿನ್ನೆ ಕೂಡಿಸಿದ ಒಂದು ತುಂಡನ್ನು ರಂಗೇಶನ ಕೈಲಿ ಕಳಿಸಿದ್ದೇನೆ. ನಾನು ಉಜ್ಜಿಲ್ಲ, ನೀವೂ ಉಜ್ಜಬೇಡಿ. ನಾನೇ ಒಡೆಯಬಹುದಿತ್ತು. ಆದರೆ ನನ್ನದೊಂದಾದರೂ ನಿಮ್ಮ ಕೈಯಿಂದ ಒಡೆಯಬೇಕು. ಹೇಗೆ ಒಡೆದರೂ ಹಾಗೇ ಭಾನುವಾರದೊಳಗೆ ವಾಪಸ್ ಕಳಿಸಿ, ಯಾಕೆ ಅಂತ ನಾನೇ ನೋಡಿಕೊಳ್ಳುತ್ತೇನೆ.

ಈ ವರ್ಷ ನಿಮ್ಮಲ್ಲಿ ಅನುಷಾ ಅಂತ ಹುಡುಗಿ ಸೇರಿದ್ದಾಳಂತೆ. ಅವಳ ಮೊದಲ ತುಂಡನ್ನೇ ಒಡೆದುಬಿಡಿ ಸರ್. ಅತ್ತರೆ ಅಳಲಿ. ಮಾರನೆಯ ದಿನ ಬಂದೇ ಬರುತ್ತಾಳೆ.

ಬೆಂಕಿ ನೋಡಿ ನೋಡಿ ದಣಿದ ನಿಮ್ಮ ಕಣ್ಣುಗಳನ್ನು ದೇವರು ತಣ್ಣಗಿಟ್ಟಿರಲಿ.

ಇನ್ನೂ ನಿಮ್ಮ ವಿದ್ಯಾರ್ಥಿನಿಯೇ ಆದ,
ಲೋಹಿತಾ