ನಿಮ್ಮ ರಕ್ಷಣೆಯಲ್ಲಿ ಕುಸಿಯುತ್ತಿರುವ ಮುಸಾಫಿರಖಾನೆ

ಪಾರಂಪರಿಕ ಕಟ್ಟಡಗಳ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಅಭಿನಂದನೆಗಳು! ಏಳು ಶತಮಾನಗಳ ಮಳೆ, ಮರಳುಗಾಳಿ, ಕಾಳಗ ಯಾವುದಕ್ಕೂ ಬಗ್ಗದ ಮುಸಾಫಿರಖಾನೆಯನ್ನು ನಿಮ್ಮ ರಕ್ಷಣೆ ಮೂರೇ ವರ್ಷದಲ್ಲಿ ಅರ್ಧ ಮಲಗಿಸಿದೆ. ಅರಬಿಯಲ್ಲಿ ಬರೆದ ಮನವಿಗೆ ನೀವು ಉತ್ತರಿಸಲಿಲ್ಲ. ಆದ್ದರಿಂದ ಈಗ ನನ್ನ ಭಾಷೆಯಲ್ಲಿ, ನನ್ನ ಜನರೆದುರು, ಗಂಟಲು ಬಿಚ್ಚಿ ಕೇಳುತ್ತಿದ್ದೇನೆ: ಇದು ಯಾವ ಸೀಮೆಯ ಕಾವಲು?

ಈ ಅರಬ್ ನಾಡಿನಲ್ಲಿ, ಬುರೈದಾ ಪಟ್ಟಣದ ಅಂಚಿನ ನಮ್ಮ ಹಳೆ ಮಸೀದಿಯ ಅಂಗಳದಲ್ಲಿರುವ ಆ ಮಣ್ಣಿನ ಕಟ್ಟಡ, ಒಂಟೆಗಳ ಮೇಲೆ ಹಜ್‌ಗೆ ಹೊರಟವರು ತಂಗುತ್ತಿದ್ದ ಜಾಗ. ನೀವು ನೆಟ್ಟ ಫಲಕದಲ್ಲಿ ಕಟ್ಟಿಸಿದವನ ಹೆಸರಿದೆ. ಉಳಿಸಿದವರ ಸುದ್ದಿಯೇ ಇಲ್ಲ. ಪ್ರತಿವರ್ಷ ಚಳಿಗಾಲದ ಮಳೆಗೆ ಮುನ್ನ, ಒಂದು ಶುಕ್ರವಾರದ ಜುಮಾ ನಮಾಝ್ ಮುಗಿದದ್ದೇ ತಡ, ಇಡೀ ಮೊಹಲ್ಲಾ ಅಂಗಿಯ ತೋಳು ಮಡಚಿ ಹುಲ್ಲು ಕಲಸಿದ ಕೆಸರನ್ನು ಗೋಡೆಗೆ ಬಳಿಯುತ್ತಿತ್ತು. ನನ್ನೂರಿನ ನಾಟಕಗಳಲ್ಲಿ ರಾಜನ ವೇಷ ಕಟ್ಟಿ ಬೆಳೆದ ನಾನು, ಇಲ್ಲಿಗೆ ಬಂದ ಹೊಸತರಲ್ಲಿ ಬಿಳಿ ಅಂಗಿ ತೊಟ್ಟು ದೂರ ನಿಂತಿದ್ದೆ. ನೆರೆಮನೆಯ ಅಬೂ ಸಾಲಿಹ್ ಒಂದು ಮುಷ್ಟಿ ಕೆಸರನ್ನು ನನ್ನ ಎದೆಗೇ ಒಗೆದು, "ಅಂಗಿ ಹೇಗೂ ಹಾಳಾಯಿತಲ್ಲ, ಯಲ್ಲಾ, ಬಾ!" ಎಂದರು. ಪರದೇಶಿಯಾದ ನನಗೆ ಈ ಊರು ಕೊಟ್ಟ ಮೊದಲ ಸ್ವಾಗತ ಅದು.

ನೀವು ಬಂದಿರಿ. "ಸಂರಕ್ಷಿತ" ಎಂದಿರಿ. ಬೇಲಿ ಹಾಕಿದಿರಿ. ಬಳಿಯುವ ಕೈಗಳನ್ನೆಲ್ಲ ಹೊರಗಟ್ಟಿದ ಮೇಲೆ ಬಳಿಯಲು ನೀವೂ ಬರಲಿಲ್ಲ. ತಜ್ಞರ ಅಧ್ಯಯನ ಮುಗಿಯಬೇಕಂತೆ! ಮಳೆ ನಿಮ್ಮ ಅಧ್ಯಯನಕ್ಕೆ ಕಾಯಿತೇ? ಕಳೆದ ಚಳಿಗಾಲದಲ್ಲಿ ಪೂರ್ವದ ಕೋಣೆ ಕುಸಿಯಿತು. ಮರುದಿನವೇ, ಎಪ್ಪತ್ತು ದಾಟಿದ ಅಬೂ ಸಾಲಿಹ್ ಕೆಸರಿನ ಬಕೆಟ್ ಹಿಡಿದು ಬೇಲಿಯ ಬಳಿ ಬಂದರು. ನೀವು ನೇಮಿಸಿದ ಕಾವಲುಗಾರ, ನಮ್ಮ ಪುತ್ತೂರು ಕಡೆಯ ಅದ್ದು, ಅಡ್ಡ ನಿಂತ.

"ನಿಂಗೆ ಎಂತ ಆಗಿದೆ ಮಾರಾಯ? ಬಿಡು ಅವರನ್ನು!" ಎಂದು ನಾನು ಗುಡುಗಿದೆ.

"ಬಿಟ್ರೆ ನನ್ನ ಇಕಾಮಾ ರದ್ದು ಮಾಡಿ ಊರಿಗೆ ಕಳಿಸ್ತಾರೆ ಜಲೀಲ್ ಕಾಕ. ಬೀಳುದನ್ನು ನೋಡ್ಲಿಕ್ಕೆ ನಂಗೆ ಸಂಬಳ. ನಿಲ್ಲಿಸ್ಲಿಕ್ಕೆ ಅಲ್ಲ."

ಅಬೂ ಸಾಲಿಹ್ ಬಕೆಟ್ ಕೆಳಗಿಟ್ಟು, "ನಮ್ಮಪ್ಪ ಬಳಿದ ಗೋಡೆ ಇದು. ನಾನೀಗ ಕಳ್ಳನಾ?" ಎಂದು ಕೇಳಿದರು. ಉತ್ತರ ಕೊಡಬೇಕಾದವರು ನೀವು, ಅದ್ದು ಅಲ್ಲ.

ಪಶ್ಚಿಮದ ಗೋಡೆಯ ಬಿರುಕಿನಲ್ಲಿ ಈಗ ಪಾರಿವಾಳ ಗೂಡು ಕಟ್ಟಿದೆ, ಅಷ್ಟು ಅಗಲ. ಬರುವ ಮಳೆಗೆ ಮುನ್ನ ಒಂದೇ ಒಂದು ಶುಕ್ರವಾರ ಆ ಬೇಲಿಯ ಗೇಟು ತೆಗೆಸಿ. ನಿಮ್ಮ ತಜ್ಞರೂ ಬರಲಿ, ತಪ್ಪಿದ್ದರೆ ತಿದ್ದಲಿ. ಆಗದು ಎನ್ನುವುದಾದರೆ, ಕಾರಿಳಿದು ಬಂದು ಅಬೂ ಸಾಲಿಹ್ ಅವರ ಮುಖ ನೋಡಿ "ಆಗದು" ಎನ್ನಿ. ಆ ಮಾತನ್ನು ಅದ್ದುವಿನ ಬಾಯಿಂದ ಆಡಿಸಬೇಡಿ.

ಇಂತಿ,
ಬೇಲಿಯ ಈಚೆ ನಿಲ್ಲಲು ಮಾತ್ರ ಅನುಮತಿಯುಳ್ಳ
ಅಬ್ದುಲ್ ಜಲೀಲ್