ಮೆಣಸಿನ ಗಿಡಕ್ಕೆ ಬಾಯಾರಿಲ್ಲ

ಅಪ್ಪಾ,

ಮೊದಲು ಆ ಚೆಂಬು ಕೆಳಗಿಡಿ. ಈ ಚೀಟಿಯನ್ನು ಅದರೊಳಗೇ ಇಟ್ಟಿದ್ದೆ. ಓದುತ್ತಿದ್ದೀರಿ ಅಂದರೆ ಗಿಡಕ್ಕೆ ನೀರು ಹಾಕೋಕೇ ಹೊರಟಿದ್ದೀರಿ. ಮುಂದಿನದ್ದು ಕಟ್ಟುಕಥೆಯಲ್ಲ, ನಮ್ಮ ಬಾಲ್ಕನಿಯಲ್ಲೇ ನಡೆದದ್ದು.

ಹೋದ ಸಲದ ಮೆಣಸಿನ ಗಿಡಗಳು ಬಿಸಿಲಿಗೆ ಸಾಯಲಿಲ್ಲ, ನಿಮ್ಮ ಪ್ರೀತಿಯಲ್ಲಿ ಮುಳುಗಿ ಸತ್ತವು. "ಪಾಪ ಕಣೇ, ಬಾಯಾರಿದೆ ಅದಕ್ಕೆ" ಅಂತ ಮೇಲಿಂದ ಸುರಿದೇ ಸುರಿದಿರಿ, ಬೇರು ಕೊಳೆಯಿತು. (ಹಾಗನ್ನುವಾಗ ನೀವು ಕತ್ತು ವಾಲಿಸೋದನ್ನು ನೀವೇ ಸೇರಿಸಿಕೊಳ್ಳಿ, ಕಾಗದದ ಮೇಲೆ ಅದು ಬರಲ್ಲ.) ಆಮೇಲೆ ನನಗಿಂತ ಹೆಚ್ಚು ದಿನ ಮುಖ ಸಣ್ಣ ಮಾಡಿಕೊಂಡು ಓಡಾಡಿದ್ದೂ ನೀವೇ. ಅದನ್ನು ಇನ್ನೊಮ್ಮೆ ನೋಡೋ ಶಕ್ತಿ ನನಗಿಲ್ಲ.

ಈ ಹೊಸ ಕುಂಡಗಳ ತಳದಲ್ಲೇ ನೀರಿನ ತೊಟ್ಟಿ ಇದೆ. ಅದರೊಳಗೆ ಇಳಿಬಿಟ್ಟ ಬಟ್ಟೆಯ ಬತ್ತಿ ಅಲ್ಲಿಂದ ಮಣ್ಣಿಗೆ ನೀರು ಏರಿಸುತ್ತೆ, ಗಿಡ ಬೇಕಾದಷ್ಟೇ ಕುಡಿಯುತ್ತೆ. ತುಂಬಿಸಿದ್ದೇನೆ; ನಾನು ಟ್ರೈನಿಂಗ್ ಮುಗಿಸಿ ಬರೋವರೆಗೆ ಸಾಕು. ಮಧ್ಯಾಹ್ನ ಎಲೆ ಜೋತುಬಿದ್ದರೆ ಕರಗಬೇಡಿ, ಅದು ನಾಟಕ. ಸಂಜೆಗೆ ತಾನೇ ಎದ್ದು ನಿಲ್ಲುತ್ತೆ.

ಮೂಲೆಯ ಗಿಡದಲ್ಲಿ ಮೊದಲ ಕಾಯಿ ಕೆಂಪಾಗುತ್ತಿದೆ. ಅದನ್ನು ಕೀಳೋ ಹಕ್ಕು ನಿಮ್ಮದೇ, ಗಿಡ ಬದುಕಿದ್ದರೆ.

ಕೈ ಸುಮ್ಮನಿರದಿದ್ದರೆ ಬಾಗಿಲ ಪಕ್ಕದ ಗಿಡವಿಲ್ಲದ ಕುಂಡಕ್ಕೆ ಸುರಿಯಿರಿ. ಬರೀ ಮಣ್ಣು ತುಂಬಿ ನಿಮಗೆಂದೇ ಇಟ್ಟಿದ್ದೇನೆ.

ಅಮ್ಮ ಅಡುಗೆಮನೆಯಲ್ಲಿ ಕಿವಿ ನಿಮಿರಿಸಿಕೊಂಡು ಕೂತಿರುತ್ತಾಳೆ. ನೀವು ಸಿಕ್ಕಿಬಿದ್ದಿರೋ ಇಲ್ಲವೋ ಅಂತ ಅವಳು ಎದ್ದು ಬಂದು ನೋಡಬೇಕಾಗಿಲ್ಲ. ಇದನ್ನು ಓದಿ ಈಗ ನೀವು ನಗುತ್ತಿರೋದು ಪಕ್ಕದ ಮನೆಗೂ ಕೇಳಿಸಿರುತ್ತೆ.